ಅಕ್ಕೋರ ನೀರಿನ ಕೊಡ

ಅಕ್ಕೋರು ಶಾಂತಮೂರ್ತಿಯಾಗಿದ್ದರಂತೆ. ಹೋದ ತಿಂಗಳು ಹುನಗುಂದದ ನಮ್ಮ ದವಾಖಾನೆಯ ಪಡಸಾಲೆಯಲ್ಲಿ ಅವರ ಫೋಟೋಕ್ಕೆ ಹಾರ ಹಾಕಿ, ಊದಿನಕಡ್ಡಿ ಹಚ್ಚಿ, ನಿವೃತ್ತ ಹೆಡ್‌ಮಾಸ್ತರರೊಬ್ಬರು ಮೈಕಿನ ಮುಂದೆ ನಿಂತು ಹಾಗೆಂದರು. ಅವರ ನಂತರ ಟ್ರಸ್ಟಿನ ಕಾರ್ಯದರ್ಶಿ ಎದ್ದು, ಅಕ್ಕೋರು ತ್ಯಾಗಮಯಿ ಎಂದರು. ಕೊನೆಗೆ ಟ್ರಸ್ಟಿನ ಅಧ್ಯಕ್ಷರು, ಅಂದರೆ ಇಳಕಲ್ಲಿನ ಸೀರೆ ವ್ಯಾಪಾರದ ಸಾವ್ಕಾರರು, ಕಣ್ಣೊರೆಸಿಕೊಂಡು ಮಾತಾಡಿದರು. ದೇಹಪ್ರಕೃತಿ ಸರಿಯಿಲ್ಲದ್ದರಿಂದ ಅಕ್ಕೋರು ತಾವಾಗಿಯೇ ಕೆಲಸ ಬಿಟ್ಟರು, ನಾವು ಎಷ್ಟು ಬೇಡಿಕೊಂಡರೂ ನಿಲ್ಲಲಿಲ್ಲ ಎಂದರು.

ನಾನು ಬಾಗಲಕೋಟೆಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ಮೇಲೆ ಬೆಳೆದವನು. ಎದುರಾಳಿ ಮೂರು ಸುಳ್ಳು ಹೇಳಿದರೆ ಮೂರನ್ನೂ ಒಂದೊಂದಾಗಿ ಕೆಡವಬೇಕು, ಕೆಡವಿದ್ದು ಸಭೆಗೆ ಕಾಣಬೇಕು ಎಂದು ಕಲಿತವನು. ಅಂದಿನ ಸಭೆಯಲ್ಲಿ ಹಾಗೆ ಮಾಡಲಿಲ್ಲ. ಮಾಡಿದ್ದೇನೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಆದರೆ ಇಲ್ಲಿ, ಕಾಗದದ ಮೇಲೆ, ನನ್ನನ್ನು ತಡೆಯಲು ಅಕ್ಕೋರಿಲ್ಲ. ಹಳೆಯ ರೀತಿಯಲ್ಲೇ ಹೊರಡುತ್ತೇನೆ. ಇದನ್ನು ಯಾರೂ ಶ್ರದ್ಧಾಂಜಲಿ ಎಂದು ತಪ್ಪು ತಿಳಿಯಬಾರದು. ಇದು ಸೇಡು.

ಮೊದಲು ಶಾಂತಮೂರ್ತಿ. ಹುನಗುಂದದ ಸಂತೆಯಲ್ಲಿ ಅಕ್ಕೋರು ಬದನೆಕಾಯಿ ಕೊಳ್ಳುವುದನ್ನು ಆ ಹೆಡ್‌ಮಾಸ್ತರರು ನೋಡಿಲ್ಲ. ನಾನು ಕೈಚೀಲ ಹಿಡಿದು ಹಿಂದೆ ನಿಂತು ನೋಡಿದ್ದೇನೆ. ಅವರ ದನಿ ಸಂತೆಯ ಆ ತುದಿಯ ಕುರಿಗಳಿಗೂ ಕೇಳಿಸುತ್ತಿತ್ತು. ಕಾಯಿಪಲ್ಯೆ ಮಾರುವ ಮುದುಕಿ ಸೊಂಟದ ಮೇಲೆ ಕೈಯಿಟ್ಟರೆ ಇವರೂ ಇಡುತ್ತಿದ್ದರು. "ನಿನ್ನ ಬದ್ನಿಕಾಯಿಗೆ ಬಂಗಾರದ ತೊಟ್ಟ ಹಚ್ಚೀಯೇನ ಯವ್ವಾ?" ಎಂದು ಇವರು, "ನಿಮ್ಮಂಥೋರು ದಿನಾ ಬಂದ್ರ ನಾ ಸಂತಿ ಬಿಟ್ಟು ಮಠಾ ಸೇರ್ತೇನಿ" ಎಂದು ಆಕೆ. ಒಂದು ದಿನ ಕೇಳಿಯೇ ಬಿಟ್ಟೆ: "ಅಕ್ಕೋರ, ದವಾಖಾನಿಯೊಳಗ ಎಂಥಾ ಕುಡುಕ ಬೈದ್ರೂ ಎದುರು ಮಾತಾಡಂಗಿಲ್ಲ ನೀವು. ಇಲ್ಲಿ ನೋಡಿದ್ರ ಹಿಂಗ."

"ಬದ್ನಿಕಾಯಿ ಏನ್ ಬದಲಾಗಬೇಕಾಗೇತೇನೋ? ಅದರ ಸಲುವಾಗಿ ಬೇಕಾದಷ್ಟು ಜಗಳಾ ಮಾಡಬಹುದು," ಎಂದರು.

ಎಂಬತ್ತರ ದಶಕದ ನಡುವಿನ ಮಾತಿದು. ಕುಡಿತ ಬಿಡಬೇಕೆನ್ನುವವರಿಗಾಗಿ, ನಿಜ ಹೇಳಬೇಕೆಂದರೆ ಬಿಡಲಿ ಎಂದು ಮನೆಯವರು ಎಳೆದು ತಂದವರಿಗಾಗಿ, ಟ್ರಸ್ಟು ದವಾಖಾನೆಯ ಹಿಂದಿನ ಕೋಣೆಯನ್ನು ಬಿಟ್ಟುಕೊಟ್ಟಿತ್ತು. ಎರಡು ಕುರ್ಚಿ, ಒಂದು ಬೆಂಚು, ಪಡಸಾಲೆಯ ಮೂಲೆಯಲ್ಲಿ ಒಂದು ತಾಮ್ರದ ಕೊಡ. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಸಮಾಜಕಾರ್ಯ ಮಾಡಿ ಬಂದ ಅಕ್ಕೋರು ಆ ಕೋಣೆಗೆ ಒಡತಿ. ಬಿ.ಎ. ಮುಗಿಸಿ, ಚರ್ಚೆಗಳಲ್ಲಿ ಗೆದ್ದ ಕಪ್ಪುಗಳನ್ನು ಮನೆಯ ಗೂಡಿನಲ್ಲಿ ಸಾಲಾಗಿ ಇಟ್ಟಿದ್ದ ನಾನು ಅವರ ಸಹಾಯಕ. ಕುಡಿತದ ವಿರುದ್ಧ ಮಾತಾಡುವುದಕ್ಕೆ ನನಗಿಂತ ಯೋಗ್ಯನಿಲ್ಲ ಎಂದು ತಿಳಿದೇ ಸೇರಿದ್ದೆ. ವಿಷಯದ ಪರವಾಗಿಯೂ ವಿರೋಧವಾಗಿಯೂ ಬಹುಮಾನ ತೆಗೆದುಕೊಂಡಿದ್ದೆ.

ಸೇರಿದ ವಾರದಲ್ಲೇ ಅಕ್ಕೋರ ಜೊತೆ ಬಾದಾಮಿಗೆ ಹೋಗಬೇಕಾಯಿತು. ಬಸ್ ನಿಲ್ದಾಣದ ಬೆಂಚಿನ ಮೇಲೆ ಪಕ್ಕದಲ್ಲಿದ್ದವನೊಬ್ಬ ತಂಬಾಕು ತಿಕ್ಕುತ್ತಿದ್ದ. ನನ್ನ ಶಕ್ತಿಯನ್ನು ಅಕ್ಕೋರಿಗೆ ತೋರಿಸಲು ಇದೇ ಸಮಯವೆಂದು ಹೊರಟೆ. ಬಾಯಿಯ ಹುಣ್ಣಿನಿಂದ ಶುರುಮಾಡಿ, ಹೆಂಡತಿ ಮಕ್ಕಳನ್ನು ಹಾದು, ದೇಶದ ಪ್ರಗತಿಯವರೆಗೆ ಬಂದೆ. ಅವನು ಎತ್ತಿದ ಒಂದೊಂದು ಮಾತನ್ನೂ ಕತ್ತರಿಸಿದೆ. "ನಮ್ಮಜ್ಜ ತಿಂದು ತೊಂಬತ್ತು ಬದುಕಿದಾ" ಎಂದ; "ನಿಮ್ಮಜ್ಜನ ಅಣ್ತಮ್ಮರು ಎಷ್ಟಕ್ಕ ಹೋದ್ರು?" ಎಂದೆ. ಸುತ್ತಲಿನ ನಾಲ್ಕು ಜನ ನಕ್ಕರು. ಅವನು ನಿಧಾನವಾಗಿ ಎದ್ದು, ಎದುರಿನ ಅಂಗಡಿಗೆ ಹೋಗಿ ಇನ್ನೊಂದು ಚೀಟು ತಂಬಾಕು ತಂದು, ನನ್ನ ಮುಂದೆಯೇ ನಿಂತು, ಮೊದಲಿನದಕ್ಕಿಂತ ದೊಡ್ಡ ಉಂಡೆ ಮಾಡಿ, ನನ್ನ ಮುಖ ನೋಡುತ್ತಾ ದವಡೆಗೆ ಇಟ್ಟುಕೊಂಡ.

ಅಕ್ಕೋರು ಶೇಂಗಾ ಸುಲಿಯುತ್ತಾ ಕೂತಿದ್ದರು. "ಗೆದ್ದಿ ನೋಡು," ಎಂದರು. "ಈ ಕಪ್ಪು ಎಲ್ಲಿಡ್ತಿ? ಗೂಡಿನ್ಯಾಗ ಜಾಗಾ ಐತೋ ಇಲ್ಲೋ?"

ಆ ಕ್ಷಣ ನಾನು ಅವರನ್ನು ದ್ವೇಷಿಸಿದೆ. ಅದನ್ನೂ ಬರೆದುಬಿಡುತ್ತೇನೆ; ಸತ್ತವರನ್ನು ಸಿಹಿ ಮಾಡುವ ಕೆಲಸ ಹೆಡ್‌ಮಾಸ್ತರರಿಗಿರಲಿ.

ಮರುದಿನದಿಂದ ನನ್ನ ಶಿಕ್ಷಣ ಆರಂಭವಾಯಿತು. ಕೋಣೆಯೊಳಗೆ ಬಂದವರಿಗೆ ನಾನು ಒಂದು ಬುದ್ಧಿಮಾತು ಹೇಳಿದರೂ ಎದ್ದು, ಮೂಲೆಯ ಕೊಡ ಹೊತ್ತು, ಎರಡು ಓಣಿ ಆಚೆಯ ಬೋರಿಂಗಿಗೆ ಹೋಗಿ ನೀರು ತರಬೇಕು. ಅದು ಅವರ ಕಾಯಿದೆ. "ಕುಡೀಬಾರದು ಅಂತ ಅಂವಗ ಗೊತ್ತಿಲ್ಲೇನು? ಊರ ಮಂದಿಯೆಲ್ಲಾ ಹೇಳ್ಯಾರ. ಅದನ್ನ ಮತ್ತ ಹೇಳಾಕ ನಿನಗ ಪಗಾರ ಯಾಕ?" ಮೊದಲ ತಿಂಗಳುಗಳಲ್ಲಿ ಹುನಗುಂದದಲ್ಲಿ ಯಾರ ಮನೆಯಲ್ಲಿ ನೀರಿರಲಿ ಬಿಡಲಿ, ನಮ್ಮ ದವಾಖಾನೆಯಲ್ಲಿ ಕೊಡ ತುಂಬಿ ತುಳುಕುತ್ತಿತ್ತು. ಕಂಪೌಂಡರ್ ನಗುತ್ತಿದ್ದ: "ಇವತ್ತ ಭಾಳ ಶಾಣ್ಯಾ ಆಗೀರಿ ಅನಸ್ತೈತಿ, ಹಂಡೇನೂ ತುಂಬೇತಿ!"

"ಬುದ್ಧಿ ಹೇಳಬಾರದು, ವಾದ ಮಾಡಬಾರದು. ಮತ್ತೇನು ಮಾಡೋಣ್ರಿ, ಭಜನಿ?" ಎಂದು ಜಗಳಕ್ಕೆ ನಿಂತೆ.

"ಕೇಳು. ಅಂವ ಹೇಳಿದ್ದನ್ನ ಅಂವಗ ತಿರುಗಿ ಹೇಳು. ಒಬ್ಬ ಮನಷ್ಯಾನೊಳಗ ಬಿಡಬೇಕು ಅನ್ನಾಂವ ಒಬ್ಬ, ಬ್ಯಾಡ ಅನ್ನಾಂವ ಒಬ್ಬ, ಇಬ್ರೂ ಇರ್ತಾರ. ನೀ ಹೋಗಿ ಬಿಡಬೇಕು ಅನ್ನಾಂವನ ಜಾಗಾದಾಗ ಕುಂತಿ ಅಂದ್ರ, ಪಾಪ, ಅಂವಗ ಉಳಿಯೂದು ಇನ್ನೊಂದ ಜಾಗಾ. ಬಾದಾಮಿಯಾಗ ನೋಡಿದ್ಯಲ್ಲ."

"ಇದು ಯಾವ ಶಾಸ್ತ್ರರಿ?"

"ಪರದೇಶದಾಗ ಈಗೀಗ ಇದಕ್ಕ ಏನೋ ಹೆಸರಿಟ್ಟಾರಂತ. ನನಗ ಕಲಿಸಿದ ಡಾಕ್ಟರು ಹೇಳತಿದ್ರು. ಹೆಸರು ಗೊತ್ತಾದ್ರ ನೀ ಅದರ ಮ್ಯಾಲೂ ಭಾಷಣಾ ಮಾಡ್ತಿ. ಸುಮ್ಮನ ಕುಂದ್ರು."

ನಾನು ನಂಬಲಿಲ್ಲ. ಈರಣ್ಣ ಬರುವವರೆಗೂ ನಂಬಲಿಲ್ಲ.

ಈರಣ್ಣ ಇಳಕಲ್ಲಿನ ನೇಕಾರ. ಮನೆಯಲ್ಲೇ ನೆಲ ಅಗೆದು ಹೂಡಿದ ಕುಣಿಮಗ್ಗ; ನೂಲು, ರೇಷ್ಮೆ ಎಲ್ಲಾ ನಮ್ಮ ಅಧ್ಯಕ್ಷ ಸಾವ್ಕಾರರದು, ನೇಯ್ದ ಸೀರೆಯೂ ಅವರಿಗೇ. ಹೆಂಡತಿ ಗೌರವ್ವ ಅವನ ರಟ್ಟೆ ಹಿಡಿದು ಕರೆತಂದಿದ್ದಳು.

"ಈಕಿ ಎಳಕೊಂಡು ಬಂದಾಳ್ರಿ. ನನಗೇನೂ ಆಗಿಲ್ಲ," ಎಂದ ಈರಣ್ಣ.

"ಅಂದ್ರ ನಿನ್ನ ಮನಸ್ಸಿಲೆ ಬಂದಿಲ್ಲ," ಎಂದರು ಅಕ್ಕೋರು.

"ಇಲ್ಲಬಿಡ್ರಿ."

"ಆದರೂ ಇಳಕಲ್‌ದಿಂದ ಇಲ್ಲೀತನಕ ಬಂದಿ. ಬಸ್ಸಿನ್ಯಾಗಿಂದ ಜಿಗೀಲಿಲ್ಲ."

ಅವನು ನಕ್ಕ. ಅಕ್ಕೋರು ಶೇಂಗಾ ಕಾಳುಗಳನ್ನು ಅವನತ್ತ ಸರಿಸಿ, "ಕುಡಿಯೂದ್ರಾಗ ಚೊಲೋ ಏನೈತಿ, ಹೇಳು," ಎಂದರು.

ನಾನು ಬೆಂಚಿನ ಮೇಲೆ ಬೆಚ್ಚಿದೆ. ಗೌರವ್ವನೂ ಬೆಚ್ಚಿದಳು. ಈರಣ್ಣ ಮಾತ್ರ ಮೊದಲ ಸಲ ತಲೆ ಎತ್ತಿದ. ಕುಡಿದರೆ ಕೈ ನಡುಗುವುದು ನಿಲ್ಲುತ್ತದೆ ಎಂದ. ನಿದ್ದೆ ಬರುತ್ತದೆ ಎಂದ. ಅವರು ಅದನ್ನು ತಿರುಗಿ ಹೇಳಿದರು, ಅಲ್ಲಗಳೆಯಲಿಲ್ಲ. ಹೇಳಿ ಮುಗಿದ ಮೇಲೆ, ಎದುರು ವಾದಿಸುವವರೇ ಇಲ್ಲದ ಆ ಕೋಣೆಯಲ್ಲಿ ಅವನೇ ಇನ್ನೊಂದು ಬದಿಯನ್ನು ಎತ್ತಿಕೊಂಡ: "ಆದ್ರ ಅಕ್ಕೋರ, ಸೆರಗು ಕೂಡಸೂದು ಆಗವಲ್ದು ನೋಡ್ರಿ." ಇಳಕಲ್ ಸೀರೆಯ ಒಡಲಿನ ಎಳೆಗೆ ಸೆರಗಿನ ಕೆಂಪು ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು, ಬೆರಳು ನಡುಗಿದರೆ ಅದು ಆಗದು. "ಈಗ ಈಕಿ ಕೂಡಸ್ತಾಳ. ಮಂದಿ ಸೆರಗು ನೋಡಿ ಈರಣ್ಣನ ಕೈ ಅಂತಾರ. ನಾ ಹೂಂ ಅಂತೇನಿ."

"ಹೂಂ ಅನ್ನೂಮುಂದ ಒಳಗ ಏನೋ ಚುಚ್ಚತೈತಿ," ಎಂದರು ಅಕ್ಕೋರು.

ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಅದು ಅವರ ಪದ್ಧತಿ. ಮಾತು ಒಬ್ಬನ ಗಂಟಲವರೆಗೆ ಬಂದಿದೆ ಎಂದು ಗೊತ್ತಾದಾಗ ಕನ್ನಡಕ ಒರೆಸುವುದು. ಅವನ ಮುಖ ತಮಗೆ ಕಾಣದಂತೆ ಮಾಡಿಕೊಂಡು ಅವನಿಗೆ ಅವಕಾಶ ಕೊಡುವುದು.

"ಬಿಡಬೇಕು ಅನ್ನೂ ಮನಸ್ಸು, ಒಂದು ಸೀರಿ ಅಂತ ಹಿಡಿ. ಎಷ್ಟು ನೇಯ್ದೀ?" ಎಂದರು.

"ಒಂದು ಗೇಣು ಆಗಿರಬೇಕ್ರಿ."

ನಾನಾಗಿದ್ದರೆ, ಗೇಣು ಯಾಕೆ, ಪೂರ್ತಿ ನೇಯಬೇಕು ಎನ್ನುತ್ತಿದ್ದೆ, ಕೊಡ ಹೊರುತ್ತಿದ್ದೆ. ಅಕ್ಕೋರು ಕೇಳಿದ್ದು ಇಷ್ಟು: "ಗೇಣು ಯಾಕ? ನಾಕು ಬೆರಳು ಯಾಕಲ್ಲ?"

ಕಡಿಮೆ ಏಕಿಲ್ಲ ಎಂದು ಕೇಳಿದ್ದಕ್ಕೆ, ಅವನು ತನಗೆ ಬಿಡಬೇಕೆನ್ನಿಸುವ ಕಾರಣಗಳನ್ನು ತಾನೇ ಒಂದೊಂದಾಗಿ ಹೇಳಬೇಕಾಯಿತು. ಮಗಳು ತನ್ನ ಬಾಯಿವಾಸನೆಗೆ ಮುಖ ತಿರುಗಿಸುವುದನ್ನು ಹೇಳಿದ. ಅವನ ಪರವಾಗಿ ನಾನು ಯಾವ ವೇದಿಕೆಯ ಮೇಲೂ ಇಷ್ಟು ಚೆನ್ನಾಗಿ ಮಾತಾಡುತ್ತಿರಲಿಲ್ಲ.

ತಿಂಗಳುಗಳು ಕಳೆದವು. ಗೇಣು ಮೊಳವಾಯಿತು, ಮೊಳ ಎರಡಾಯಿತು. ನಡುವೆ ಒಮ್ಮೆ ಕುಡಿದು, ಎರಡು ವಾರ ಮುಖ ತೋರಿಸದೆ, ತಲೆತಗ್ಗಿಸಿ ಬಂದ. ಅಕ್ಕೋರು ಕೇಳಿದರು: "ಮಗ್ಗದಾಗ ಎಳಿ ಹರಿದ್ರ ಏನ್ ಮಾಡ್ತಿ?" "ಗಂಟ ಹಾಕತೇನ್ರಿ." ಅಷ್ಟೇ ಮಾತು. ಮತ್ತೆ ಮಗ್ಗದ ಕುಣಿಗೆ ಇಳಿದ. ಒಂದು ಮುಂಜಾನೆ ಬಂದವನು ಏನೂ ಹೇಳದೆ ಎರಡು ಕೈಯನ್ನೂ ಮುಂದೆ ಚಾಚಿ ನಿಂತ. ಬೆರಳು ಅಲುಗಲಿಲ್ಲ. "ನಿನ್ನೆ ಸೆರಗು ನಾನ ಕೂಡಿಸಿದೆ," ಎಂದ. ಅಕ್ಕೋರ ಕನ್ನಡಕ ಅಂದು ಒರೆಸಿದಷ್ಟೂ ತೇವವಾಗುತ್ತಿತ್ತು.

ಇನ್ನು ಎರಡನೆಯ ಸುಳ್ಳು, ತ್ಯಾಗಮಯಿ. ಪಗಾರ ಎರಡು ದಿನ ತಡವಾದರೆ ಅಕ್ಕೋರು ಇದೇ ಕಾರ್ಯದರ್ಶಿಯ ಮನೆಯ ಕಟ್ಟೆಯ ಮೇಲೆ ಹೋಗಿ ಕೂತು, ಅವರ ಹೆಂಡತಿಯಿಂದ ಚಹಾ ಮಾಡಿಸಿಕೊಂಡು ಕುಡಿದು, ಪಗಾರ ಕೈಗೆ ಬಂದ ಮೇಲೆಯೇ ಏಳುತ್ತಿದ್ದರು. "ತ್ಯಾಗ ಅಂತ ಯಾರರ ಅಂದ್ರ ಅವರು ನಿನ್ನ ಪಗಾರ ನುಂಗಾಕ ಬಾಯಿ ತೆರದಾರ ಅಂತ ತಿಳಿ," ಎಂದು ನನಗೆ ಹೇಳಿದ್ದರು. ಕಾರ್ಯದರ್ಶಿಗಳು ಆ ಕಟ್ಟೆಯನ್ನು ಮರೆತಿರಬಹುದು. ಅವರ ಹೆಂಡತಿ ಮರೆತಿಲ್ಲ. ಸಭೆಯಲ್ಲಿ ಆ ಮಾತು ಬಂದಾಗ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ಉಳಿದದ್ದು ಸಾವ್ಕಾರರ ಸುಳ್ಳು. ಅದನ್ನು ಕೆಡವಲು ನಗೆಯಿಂದ ಆಗುವುದಿಲ್ಲ.

ಮಂತ್ರಿಯೊಬ್ಬರು ಇಳಕಲ್ಲಿಗೆ ಬರುವವರಿದ್ದರು. ಅವರೆದುರು ಕುಡುಕರನ್ನೆಲ್ಲ ವೇದಿಕೆಗೆ ಹತ್ತಿಸಿ, ಇನ್ನು ಕುಡಿಯುವುದಿಲ್ಲ ಎಂದು ಆಣೆ ಮಾಡಿಸಿ, ಹಾರ ಹಾಕಿ, ಫೋಟೋ ತೆಗೆಸಬೇಕೆಂದು ಸಾವ್ಕಾರರು ನಿಶ್ಚಯಿಸಿದರು. ನಮ್ಮ ಕೋಣೆಗೆ ಬರುವವರನ್ನು ಕಳಿಸಿಕೊಡಿ ಎಂದು ಅಕ್ಕೋರನ್ನು ಕೇಳಿದರು.

"ಆಣಿ ಮಾಡಿಸಬ್ಯಾಡ್ರಿ," ಎಂದರು ಅಕ್ಕೋರು.

"ಯಾಕ್ರಿ? ಮಾತು ಕೊಟ್ಟ್ರ ಗಟ್ಟಿ ಆಕ್ಕಾರ."

"ಇವರು ನಡಕೋತ ಬೀಳ್ತಾರ, ಬಿದ್ದು ಏಳ್ತಾರ. ಬಿದ್ದ ದಿವಸ ನನ್ನ ಹಂತ್ಯಾಕ ಬರ್ತಾರ. ನೀವು ಊರ ಮುಂದ ಆಣಿ ಮಾಡಿಸಿ ಹಾರಾ ಹಾಕಿದ್ರ, ಬಿದ್ದ ದಿವಸ ಅವರು ಎಲ್ಲಿಗೆ ಬರಬೇಕು?"

ಸಾವ್ಕಾರರು ನಕ್ಕು, "ನಿಮ್ಮ ಕೆಲಸ ಭಾಳ ಸಾವಕಾಶ ಬಿಡ್ರಿ," ಎಂದು ಎದ್ದುಹೋದರು. ಅಕ್ಕೋರು ಯಾರನ್ನೂ ಕಳಿಸಲಿಲ್ಲ.

ಆದರೂ ಈರಣ್ಣ ಆ ವೇದಿಕೆಯ ಮೇಲಿದ್ದ. ಅವನ ಕೈಯನ್ನು ಮಗಳ ತಲೆಯ ಮೇಲೆ ಇಡಿಸಿ ಆಣೆ ಮಾಡಿಸಿದ್ದರು. ಹಾರ ಹಾಕಿದಾಗ ಅವನು ಅಳುತ್ತಿದ್ದನಂತೆ. ಅದನ್ನು ಎಲ್ಲರೂ ಆನಂದಬಾಷ್ಪ ಎಂದರಂತೆ.

ಕೆಲವು ವಾರಗಳ ನಂತರ ಅವನು ಒಂದು ಸಂಜೆ ಕುಡಿದ. ಹಿಂದೆಯೂ ಒಮ್ಮೆ ಹಾಗಾಗಿತ್ತು. ಆಗ ಗಂಟು ಹಾಕಿಕೊಂಡು ಬಂದಿದ್ದ. ಆದರೆ ಈ ಸಲ ಅದೇ ವಾರ ಮಗಳಿಗೆ ಜ್ವರ ಬಂತು. ಮಳೆಗಾಲದಲ್ಲಿ ಎಲ್ಲ ಮಕ್ಕಳಿಗೂ ಬರುವ ಜ್ವರ. ತಾನು ಆಣೆ ಮುರಿದದ್ದಕ್ಕೇ ಬಂತೆಂದು ಅವನು ನಂಬಿದ. ಮಗಳ ಮುಖ ನೋಡಲಾರದೆ ಕುಡಿದ, ಕುಡಿದಿದ್ದಕ್ಕೆ ಇನ್ನಷ್ಟು ನೋಡಲಾರದವನಾದ. ಗೌರವ್ವ ಬಂದು ಹೇಳಿದೊಡನೆ ಅಕ್ಕೋರೂ ನಾನೂ ಇಳಕಲ್ಲಿಗೆ ಓಡಿದೆವು. ಅವನು ಮಗ್ಗದ ಕೋಣೆಗೆ ಒಳಗಿನಿಂದ ಅಗಳಿ ಹಾಕಿಕೊಂಡಿದ್ದ.

"ಈರಣ್ಣಾ, ನಾನೋ."

"ಹೋಗ್ರಿ ಅಕ್ಕೋರ. ಆಣಿ ಮುರದೇನಿ. ಇದಕ್ಕ ಗಂಟ ಬೀಳೂದಿಲ್ರಿ."

ಅಕ್ಕೋರು ಹೊಸ್ತಿಲ ಮೇಲೆ ಕೂತರು. ಹೊತ್ತು ಇಳಿಯುವವರೆಗೂ ಕೂತರು. ಕದ ತೆರೆಯಲಿಲ್ಲ. ಮಗಳ ಜ್ವರ ತಾನಾಗಿ ಬಿಟ್ಟಿತು. ಈರಣ್ಣ ಮುಂದಿನ ತಿಂಗಳು ಸರಕಾರಿ ದವಾಖಾನೆಯಲ್ಲಿ ರಕ್ತ ಕಾರಿ ಸತ್ತ.

ಟ್ರಸ್ಟಿನ ಸಭೆ ಸೇರಿತು. ಹಾರ ಹಾಕಿಸಿಕೊಂಡವನು ಸತ್ತದ್ದು ಸಾವ್ಕಾರರಿಗೆ ಮುಜುಗರದ ವಿಷಯ, ಯಾರದಾದರೂ ತಪ್ಪಾಗಲೇಬೇಕಿತ್ತು. "ಈಕಿ ಕುಡುಕರಿಗೆ ಕುಡಿಯೂದ್ರಾಗ ಚೊಲೋ ಏನೈತಿ ಅಂತ ಕೇಳ್ತಾಳ. ಇದು ಉಪಚಾರೇನ್ರಿ?" ಎಂದರು ಸಾವ್ಕಾರರು. ಎಲ್ಲರೂ ಅಕ್ಕೋರನ್ನು ನೋಡಿದರು. ಒಂದು ವಾಕ್ಯವನ್ನು ಸಂದರ್ಭದಿಂದ ಕಿತ್ತು ಎದುರಾಳಿಯ ಮೇಲೆ ಎಸೆಯುವ ಆ ಕಲೆ ನನಗೆ ಚೆನ್ನಾಗಿ ಗೊತ್ತು. ಅದಕ್ಕೆ ಉತ್ತರವೂ ಗೊತ್ತು. ಬಾಗಿಲಲ್ಲಿ ನಿಂತಿದ್ದ ನಾನು ಬಾಯಿ ತೆರೆದೆ. ಅಕ್ಕೋರು ತಿರುಗಿ, "ಕೊಡ ತುಂಬಿಸ್ಕೊಂಡು ಬಾ," ಎಂದರು. ನಾನು ನೀರು ಹೊತ್ತು ಮರಳಿ ಬರುವಷ್ಟರಲ್ಲಿ ಅವರ ಕೆಲಸ ಹೋಗಿತ್ತು.

ಇದನ್ನು ಮಾತ್ರ ನಾನು ಅವರಿಗೆ ಬಿಟ್ಟುಕೊಟ್ಟಿಲ್ಲ. ಬಾಗಲಕೋಟೆಯಲ್ಲಿ ತಮ್ಮ ಅಣ್ಣನ ಮನೆಯ ಮಹಡಿಯ ಮೇಲೆ ಅವರು ಉಳಿದ ದಿನಗಳನ್ನು ಕಳೆದರು. ಪ್ರತಿ ಸಲ ಹೋದಾಗಲೂ ಜಗಳ ತೆಗೆಯುತ್ತಿದ್ದೆ. "ಅವತ್ತು ನನ್ನನ್ನ ಮಾತಾಡಾಕ ಬಿಟ್ಟಿದ್ರ ಅವರನ್ನ ನೆಲಕ್ಕ ಹಚ್ಚತಿದ್ದೆ."

"ಹಚ್ಚತಿದ್ದಿ. ಅವರು ಎದ್ದು ಮತ್ತೊಂದು ಚೀಟು ತಂಬಾಕು ತರತಿದ್ರು."

"ಅಂದ್ರ ಸುಮ್ಮನ ಬಿಡೂದೇನ್ರಿ?"

"ನೀ ಆ ಕೆಲಸಾ ಬಿಡಬ್ಯಾಡ. ಬಿದ್ದವರು ಬಂದ್ರ ಕದಾ ತೆಗ್ಯಾಕ ಒಬ್ರು ಇರಬೇಕು."

ಸಾವ್ಕಾರರ ಪಗಾರ ತಿನ್ನುತ್ತಾ ಅಲ್ಲೇ ಉಳಿದೆ. ಕೊಡದ ಕಾಯಿದೆಯನ್ನೂ ಉಳಿಸಿಕೊಂಡೆ. ಬುದ್ಧಿ ಹೇಳಿದ ದಿನ ನೀರು ತಂದೆ, ಹೇಳದ ದಿನ ಕೊಡ ಒಣಗಲು ಬಿಟ್ಟೆ. ಈ ವರ್ಷ ಅಕ್ಕೋರು ತೀರಿಕೊಂಡರು. ನಾನು ಆರಂಭದಲ್ಲಿ ಹೇಳಿದ ಸಭೆ ಸೇರಿತು. ವಂದನಾರ್ಪಣೆಗೆ ನನ್ನನ್ನು ಕರೆದರು.

ಮೈಕು ಹಿಡಿದಾಗ ಮೂರು ಖಂಡನೆಗಳೂ ನಾಲಿಗೆಯ ತುದಿಯಲ್ಲಿದ್ದವು. ಹಿಂದಿನ ಸಾಲಿನಲ್ಲಿ ಗೌರವ್ವ ಕೂತಿದ್ದಳು. ನಾನು ಸಾವ್ಕಾರರ ಕಡೆ ತಿರುಗಿದೆ. "ಸಾವ್ಕಾರ್ರ, ಅಕ್ಕೋರ ಕೆಲಸದ ಬಗ್ಗೆ ನೀವು ಹೇಳಿದ್ರಿ. ಈರಣ್ಣ ವೇದಿಕೆ ಹತ್ತಿದ ದಿವಸದ್ದೂ ಒಂದೀಟು ಹೇಳ್ರಿ. ಹೆಂಗಾತು ಅದು?" ಎಂದೆ. ಮೈಕನ್ನು ಅವರ ಮುಂದೆ ಸರಿಸಿದೆ.

ಅಕ್ಕೋರ ವಿದ್ಯೆ ಮನುಷ್ಯನನ್ನು ಎತ್ತುವುದಕ್ಕೆ ಇದ್ದದ್ದು. ನಾನು ಕೆಡವಲು ಎತ್ತಿಕೊಂಡೆ. ಅವರಿದ್ದಿದ್ದರೆ ಒಪ್ಪುತ್ತಿರಲಿಲ್ಲ. ಇರಲಿಲ್ಲವಲ್ಲ.

"ಅಂವ ತಾನ ಬಂದಿದ್ದಾ," ಎಂದರು ಸಾವ್ಕಾರರು.

"ತಾನ ಬಂದ."

"ತಾನ ಅಂದ್ರ, ನಾವು ಜೀಪು ಕಳಿಸಿದ್ವಿ. ಮಂತ್ರಿಗೋಳು ಬರಾವ್ರಿದ್ರು."

"ಮಂತ್ರಿಗಳ ಮುಂದ ಅಂವ ಕಾಣಬೇಕಾಗಿತ್ತು ನಿಮಗ."

"ಮತ್ತ? ನಮ್ಮ ಟ್ರಸ್ಟಿನ ಮಾನದ ಪ್ರಶ್ನಿ. ಅಂವ ಮೊದಲ ಒಲ್ಲೆ ಅಂದಾ. ನೂಲು ಕೊಡಾಂವ ನಾನು, ನನ್ನ ಮಾತು ಮೀರ್ತಾನೇನು?" ಅವರು ಹೆಮ್ಮೆಯಿಂದಲೇ ನಕ್ಕರು.

"ಅಂವ ಒಲ್ಲೆ ಅಂದಿದ್ದ," ಎಂದೆ. ಸುಮ್ಮನಾದೆ.

ಚರ್ಚಾಸ್ಪರ್ಧೆಯಲ್ಲಿ ಗಂಟೆ ಬಾರಿಸುತ್ತಾರೆ; ಸೋಲುತ್ತಿರುವವನನ್ನು ಅದು ಉಳಿಸುತ್ತದೆ. ಇಲ್ಲಿ ಗಂಟೆ ಇರಲಿಲ್ಲ. ನನಗೆ ಕನ್ನಡಕವಿಲ್ಲ; ಅಂಗಿಯ ತೋಳಿನಿಂದ ಅಕ್ಕೋರ ಫೋಟೋದ ಗಾಜು ಒರೆಸತೊಡಗಿದೆ. ಆ ನಿಶ್ಶಬ್ದವನ್ನು ತುಂಬಲು ಸಾವ್ಕಾರರಿಗೆ ತಮ್ಮ ಮಾತನ್ನು ಬಿಟ್ಟು ಬೇರೇನೂ ಸಿಗಲಿಲ್ಲ.

"ಹುಡುಗೀನ ಕರಸಿದ್ದೂ ಖರೆ. ನಾನ ಕರಸಿದ್ದು. ತಲಿ ಮ್ಯಾಲೆ ಕೈ ಇಟ್ಟು ಆಣಿ ಮಾಡಿದ್ರ ನೋಡಾವರ ಮನಸ್ಸಿಗೆ ನಾಟತೈತಿ ಅಂತ... ಅಕ್ಕೋರು ಬ್ಯಾಡ ಅಂದಿದ್ರು. ಅಂದಿದ್ರು ಖರೆ. ಅಕ್ಕೋರನ್ನ ತಗದಿದ್ದು, ಅದು... ತಪ್ಪು ಯಾರ ಮ್ಯಾಲರ ಹಾಕಬೇಕಾಗಿತ್ತಲ್ರಿ..."

ತಾವೇನು ಹೇಳುತ್ತಿದ್ದೇವೆಂಬುದು ಅವರ ಕಿವಿಗೆ ಆಗ ಬಿತ್ತು. ಅಕ್ಕೋರು ತಾವಾಗಿಯೇ ಬಿಟ್ಟು ಹೋದರು ಎಂಬ ಮಾತು ಇನ್ನೂ ಊದಿನಕಡ್ಡಿಯ ಹೊಗೆಯಲ್ಲಿ ತೇಲುತ್ತಿತ್ತು. ಅವರು ಗಡಬಡಿಸಿ ಎದ್ದು, ಬಲಗೈ ಮೇಲೆತ್ತಿ, "ಬಸವಣ್ಣನ ಆಣಿ, ನಾ ಯಾರಿಗೂ ಕೆಟ್ಟದ್ದು..." ಎಂದರು.

"ಸಾವ್ಕಾರ್ರ," ಹಿಂದಿನಿಂದ ಗೌರವ್ವನ ದನಿ ಬಂತು. ಕೂಗಲಿಲ್ಲ ಆಕೆ. "ಆಣಿ ಬ್ಯಾಡ್ರಿ."

ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಸಾವ್ಕಾರರು ನಿಂತರು. ಹೆಡ್‌ಮಾಸ್ತರರು ನೆಲ ನೋಡಿದರು. ನನ್ನ ಬಾಯಲ್ಲಿ ಇನ್ನೂ ಆಡದ ಒಳ್ಳೊಳ್ಳೆಯ ವಾಕ್ಯಗಳಿದ್ದವು. ಒಂದನ್ನೂ ಆಡಲಿಲ್ಲ. ಆಡಿದ್ದರೆ ಅವರಿಗೆ ಎದುರು ನಿಲ್ಲಲು ನಾನೊಬ್ಬ ಸಿಗುತ್ತಿದ್ದೆ. ಈಗ ಅವರೆದುರು ಅವರು ಹೇಳಿದ್ದಷ್ಟೇ ಇತ್ತು.

ಕೊನೆಗೆ ಕೂತು, "ನೀರು ಕೊಡ್ರಿ," ಎಂದರು.

ಕಂಪೌಂಡರ್ ಮೂಲೆಗೆ ಓಡಿ ಕೊಡವನ್ನು ಬಗ್ಗಿಸಿದ. ಒಂದು ಹನಿಯೂ ಬರಲಿಲ್ಲ. ಅಂದು ನಾನು ಯಾರಿಗೂ ಬುದ್ಧಿ ಹೇಳಿರಲಿಲ್ಲ.